ಹಲ್ಲಿನ ಸದ್ದು

ಯಾದವಗಿರಿಯ ನಮ್ಮ ಮಹಡಿ ಕೋಣೆಯಲ್ಲಿ
ಇಟ್ಟಿಗೆ ಕಾಲಿನ ಮೇಲೆ ಎರಡು ಪ್ಲೈವುಡ್ ಹಲಗೆ,
ಹಲಗೆಯ ಮೇಲೊಂದು ಊರು:
ಟೂತ್‌ಪೇಸ್ಟ್ ಡಬ್ಬಿಯ ಸ್ಟೇಷನ್ನು,
ಹಸಿರು ಬಳಿದ ಮರದ ಹೊಟ್ಟಿನ ಗದ್ದೆ,
ಸುತ್ತಲೂ ಹಳಿ, ಹಳಿಯ ಮೇಲೆ ಗೇಣುದ್ದದ ಎಂಜಿನ್ನು.

ಅದು ಹೊರಟರೆ ಕೆಳಮನೆಯ ಲಲಿತಾಂಬ
ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಾರೆ:
"ರಾತ್ರಿ ಹನ್ನೊಂದಕ್ಕೆ ಏನ್ರೀ ರುಬ್ತೀರಿ?"
ರುಬ್ಬುತ್ತಿಲ್ಲ ಎಂದು ಹೇಗೆ ಹೇಳಲಿ?
ನಲವತ್ತೊಂದರ ಹೆಂಗಸು, ರಕ್ತಪರೀಕ್ಷೆಯ ಲ್ಯಾಬಿನವಳು,
ಆಟದ ರೈಲು ಬಿಡುತ್ತೇನೆ ಅನ್ನುವುದಕ್ಕಿಂತ
ರುಬ್ಬುವುದೇ ಮರ್ಯಾದಸ್ಥರ ಕೆಲಸ.

ಮೊದಲು ನಾನೇ ನೋಡಿದೆ.
ಹಳಿ ಒರೆಸಿದೆ. ಹೋಗಲಿಲ್ಲ.
ಅಂಗಾತ ಮಲಗಿಸಿ ಓಡಿಸಿದೆ:
ಗಾಲಿ ಗಾಳಿಯಲ್ಲಿ, ಸದ್ದು ಅಲ್ಲೇ.
ಹಾಗಾದರೆ ತಪ್ಪು ನನ್ನ ಊರಿನದಲ್ಲ.
ಮುಂದೆ ಹೋದರೆ ಗರ್‌ರ್‌,
ಹಿಂದೆ ಬಂದರೆ ಕಿರ್‌ರ್‌.
ಕೈಗೆ ಸಿಕ್ಕಿದ್ದು ಕೊಬ್ಬರಿ ಎಣ್ಣೆ, ಎರಡು ಹನಿ ಬಿಟ್ಟೆ.
ಎರಡು ದಿನ ಹಾಯಾಗಿತ್ತು.
ಡಿಸೆಂಬರಿನ ಚಳಿಗೆ ಮೂರನೇ ಬೆಳಿಗ್ಗೆ
ಎಂಜಿನ್ನು ಹೆಪ್ಪುಗಟ್ಟಿ ನಿಂತಿತ್ತು.

ಪುಟ್ಟಮಾದಯ್ಯನವರನ್ನು ಕರೆದದ್ದು ಆಗ.
ಅಶೋಕಪುರದ ರೈಲ್ವೆ ವರ್ಕ್‌ಶಾಪಿನಲ್ಲಿ
ಮೂವತ್ತಾರು ವರ್ಷ ಗಾಲಿ ಕಡೆದವರು,
ಕಿವಿ ಎರಡನ್ನೂ ಅಲ್ಲೇ ಬಿಟ್ಟು ಬಂದವರು.
ಸಕ್ಕರೆ ನೋಡಿಸಲು ತಿಂಗಳಿಗೊಮ್ಮೆ
ನನಗೆ ಬೆರಳು ಕೊಡುತ್ತಾರೆ, ಅಲುಗುವುದಿಲ್ಲ.
ಎಂಜಿನ್ನು ಮೂಸಿ ನಕ್ಕರು:
"ತಲೆಗ್ ಹಚ್ಚೋದ್ನ ಗಾಲಿಗ್ ಹಚ್ಚಿದ್ದೀಯಲ್ಲವ್ವಾ,
ಜಡೆ ಹಾಕೋದೊಂದು ಬಾಕಿ."

ಹಳೇ ಪಂಚೆಯ ತುಂಡು ಹಾಸಿ
ಬಿಚ್ಚಿದ ಕ್ರಮದಲ್ಲೇ ಇಟ್ಟರು:
ತಿರುಪು, ತಿರುಪು, ಸ್ಪ್ರಿಂಗು,
ಸಾಸಿವೆಗಿಂತ ಚಿಕ್ಕ ವಾಷರು.
ಹಿಂದಿನ ಅಚ್ಚಿಗೆ ಸುತ್ತಿಕೊಂಡಿತ್ತೊಂದು ಕೂದಲು,
ಬುಡ ಬಿಳಿ, ತುದಿ ಮೆಹೆಂದಿ ಕೆಂಪು.
ಯಾರದೆಂದು ಅವರು ಕೇಳಲಿಲ್ಲ.

ಲ್ಯಾಬಿನ ಹತ್ತಿ, ಲ್ಯಾಬಿನ ಸ್ಪಿರಿಟ್ಟು,
ಇನ್ಸುಲಿನ್ ಸಿರಿಂಜಿನಲ್ಲಿ ಹೊಲಿಗೆ ಮಿಷಿನ್ ಎಣ್ಣೆ.
"ಅಚ್ಚಿಗೆ ಸೂಜಿ ಮೊನೆಯಷ್ಟು ಎಣ್ಣೆ.
ಹಲ್ಲಿಗೆ ಗ್ರೀಸು, ಅಷ್ಟೂ ಬ್ಯಾಡ.
ಜಾಸ್ತಿ ಪ್ರೀತಿ ಮಾಡುದ್ರೆ ದೂಳ್ ಹಿಡೀತದೆ."

ಆಮೇಲೆ, "ಈಗ ಓಡ್ಸು" ಅಂದರು.
ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ಮೊನೆಯನ್ನು ಮೋಟರಿನ ಬೆನ್ನಿಗೆ,
ಅಲ್ಲಿಂದ ಗೇರಿನ ಪಕ್ಕಕ್ಕೆ ತಾಗಿಸಿ
ಕಣ್ಣು ಮುಚ್ಚಿದರು.
ನನಗೆ ಎರಡು ತಿಂಗಳಿಂದ ಬರೀ ಗದ್ದಲವಾಗಿದ್ದದ್ದು
ಅವರ ದವಡೆಯಲ್ಲಿ ವಿಳಾಸವಾಯಿತು:
"ಮೂರನೇದು. ಸುತ್ತಿಗೊಂದ್ಸಲ ಎಡವ್ತದೆ.
ಒಂದ್ ಹಲ್ ಸೀಳದೆ, ನೋಡು."
ಭೂತಗನ್ನಡಿ ಹಿಡಿದು ನೋಡಿದೆ.
ಇತ್ತು, ಕೂದಲಿಗಿಂತ ತೆಳ್ಳಗೆ.

"ಇದ್ಕೆ ಮದ್ದಿಲ್ಲ ಕಣವ್ವ, ಬ್ಯಾರೆ ತರ್ಸು.
ಬರೋಗಂಟ ಮೂರೇ ಡಬ್ಬಿ ಎಳಸು, ನಿಧಾನುಕ್ಕೆ."
ಮುಚ್ಚಳದ ಒಳಮೈಗೆ ಪೆನ್ಸಿಲ್ಲಿನಲ್ಲಿ ತಾರೀಖು ಬರೆದರು,
ವರ್ಕ್‌ಶಾಪಿನ ರೂಢಿ,
ಕೆಳಗೆ ಸಹಿಯನ್ನೂ ಹಾಕಿದರು.

ಈಗ ಉಳಿದದ್ದು ಒಂದು ಟಿಕ್‌,
ಗೋಡೆ ಗಡಿಯಾರಕ್ಕೆ ತಾಳೆಯಾಗದ ಟಿಕ್‌.

ಬಾಗಿಲು ತಟ್ಟಿದ್ದು ಲಲಿತಾಂಬ.
"ಹುಷಾರಾಗಿದೀರಾ? ಸದ್ದೇ ಇಲ್ವಲ್ಲ ಅಂತ..."
ಒಳಗೆ ಇಣುಕಿದರು. ಎಂಜಿನ್ನು ಬಂತು, ಹೋಯಿತು.
ನನ್ನ ಮುಖ ಬಿಸಿಯಾಯಿತು.
ಅವರು ಸೆರಗು ಸರಿಮಾಡಿಕೊಂಡು ನೆಲಕ್ಕೆ ಕೂತರು,
ಮೂರು ಸುತ್ತು ನೋಡಿದರು,
"ಸ್ಟೇಷನ್ನಿಗೆ ಹೆಸರೇ ಇಲ್ಲವಲ್ರೀ" ಅಂದರು.

ಪುಟ್ಟಮಾದಯ್ಯ ಕಬ್ಬಿಣದ ಕಂಬಿ ಹಿಡಿದು
ಹೊರಮೆಟ್ಟಿಲು ಇಳಿಯುತ್ತಿದ್ದವರು
ನಡುವೆ ನಿಂತರು.
ಕಂಬಿಯ ಮೇಲೆ ಬೆರಳು,
ನನಗೆ ಕೊಡುವಾಗಿನ ಹಾಗೆ, ಅಲುಗದೆ.
"ಬತ್ತಾ ಅದೆ" ಅಂದರು.

ಕಿವಿಗೊಟ್ಟೆ. ತೆಂಗಿನ ಗರಿ, ಯಾರದೋ ಟೀವಿ,
ಮೇಲಿನಿಂದ ಟಿಕ್‌.
ಬೇರೇನೂ ಇನ್ನೂ ಕೇಳಿರಲಿಲ್ಲ.